ಕ್ಯಾಲಿಫೋರ್ನಿಯ ಗವರ್ನರ್ ಚುನಾವಣೆ, 1910

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1910ರ ನವೆಂಬರ್ 8ರಂದು ನಡೆದ ಚುನಾವಣೆ. ರಿಪಬ್ಲಿಕನ್ ಪಕ್ಷದ ಹೈರಮ್ ಜಾನ್ಸನ್ ಇದರಲ್ಲಿ ಡೆಮಾಕ್ರಟಿಕ್ ಪಕ್ಷದ ಥಿಯೊಡೋರ್ ಬೆಲ್‌ನನ್ನು ಸುಮಾರು 22 ಸಾವಿರ ಮತಗಳಿಂದ ಸೋಲಿಸಿ ರಾಜ್ಯದ 23ನೆಯ ಗವರ್ನರ್ ಆದ. ಅಲ್ಲಿಯ ಗವರ್ನರ್ ಭಾರತದ ರಾಜ್ಯಪಾಲರ ಹಾಗೆ ನೇಮಕಗೊಂಡವನಲ್ಲ; ಜನರಿಂದ ನೇರವಾಗಿ ಆರಿಸಿಬಂದು ರಾಜ್ಯದ ಆಡಳಿತ ನಡೆಸುವವನು. ಅಂತರ ಅಷ್ಟೇನೂ ದೊಡ್ಡದಲ್ಲದ ಈ ಗೆಲುವಿಗೆ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿ ದಶಕಗಳಿಂದ ಕ್ಯಾಲಿಫೋರ್ನಿಯದ ರಾಜಕೀಯವನ್ನು ತನ್ನ ಅಂಕೆಯಲ್ಲಿ ಇಟ್ಟುಕೊಂಡಿತ್ತು. ಆ ಹಿಡಿತ ತಪ್ಪಿದ್ದು ಈ ಚುನಾವಣೆಯಲ್ಲಿ. ಸರಿಯಾಗಿ ಹೇಳಬೇಕೆಂದರೆ, ನವೆಂಬರ್ ಮತದಾನಕ್ಕಿಂತ ಮೊದಲೇ, ಅದೇ ವರ್ಷದ ಆಗಸ್ಟ್ 16ರಂದು ಪಕ್ಷದ ಅಭ್ಯರ್ಥಿಯನ್ನು ಆರಿಸಲು ನಡೆದ ಪ್ರಾಥಮಿಕ ಚುನಾವಣೆಯಲ್ಲೇ ಅದು ತಪ್ಪಿತ್ತು.

ರೈಲ್ವೆಯ ರಾಜ್ಯಭಾರ

ಪೂರ್ವದ ರಾಜ್ಯಗಳನ್ನು ಪೆಸಿಫಿಕ್ ಕರಾವಳಿಯೊಂದಿಗೆ ಜೋಡಿಸಿದ ರೈಲುಮಾರ್ಗ 1869ರಲ್ಲಿ ಪೂರ್ಣಗೊಂಡಿತು. ಅದರ ಪಶ್ಚಿಮ ಭಾಗವನ್ನು ಕಟ್ಟಿಸಿದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್, ಕಾಲಿಸ್ ಹಂಟಿಂಗ್‌ಟನ್, ಮಾರ್ಕ್ ಹಾಪ್ಕಿನ್ಸ್, ಚಾರ್ಲ್ಸ್ ಕ್ರಾಕರ್ ಎಂಬ ನಾಲ್ವರು ವರ್ತಕರು ಕೆಲವೇ ವರ್ಷಗಳಲ್ಲಿ ಸದರ್ನ್ ಪೆಸಿಫಿಕ್ ಮೂಲಕ ರಾಜ್ಯದ ಸಾಗಣೆಯನ್ನೆಲ್ಲ ಕೈವಶ ಮಾಡಿಕೊಂಡರು. ಗೋಧಿ, ಹಣ್ಣು, ಮರಮುಟ್ಟು, ಯಾವುದನ್ನು ಪೇಟೆಗೆ ಸಾಗಿಸುವುದಿದ್ದರೂ ಕಂಪನಿ ಹೇಳಿದ ದರವೇ ದರ. ಕಂಪನಿಗೆ ಸರ್ಕಾರದಿಂದ ದಾನವಾಗಿ ಬಂದ ಜಮೀನಿನ ಬೆಲೆಯ ವಿಚಾರದಲ್ಲಿ ರೈತರೊಡನೆ ಜಗಳ ಬೆಳೆದು ಮಸಲ್ ಸ್ಲೂ ಎಂಬಲ್ಲಿ 1880ರ ಮೇ ತಿಂಗಳಲ್ಲಿ ಗುಂಡು ಹಾರಿ ಏಳು ಮಂದಿ ಸತ್ತರು. ಫ್ರಾಂಕ್ ನಾರಿಸ್ 1901ರಲ್ಲಿ ಪ್ರಕಟಿಸಿದ ‘ದಿ ಆಕ್ಟೊಪಸ್’ ಕಾದಂಬರಿಗೆ ಈ ಘಟನೆಯೇ ಆಧಾರ. ಕಂಪನಿಯನ್ನು ಅಷ್ಟಪಾದಿಯಾಗಿ (ಆಕ್ಟೊಪಸ್) ತೋರಿಸುವ ಚಿತ್ರ ಅದಕ್ಕೂ ಮುಂಚೆಯೇ ವ್ಯಂಗ್ಯಚಿತ್ರಗಳ ಮೂಲಕ ಜನರ ಮನಸ್ಸಿನಲ್ಲಿ ಕೂತಿತ್ತು.

ಕಂಪನಿಯನ್ನು ಅಂಕೆಯಲ್ಲಿಡಲೆಂದು 1879ರ ರಾಜ್ಯ ಸಂವಿಧಾನ ಮೂವರು ಸದಸ್ಯರ ರೈಲ್ವೆ ಆಯೋಗವನ್ನು ಸ್ಥಾಪಿಸಿತು. ಆಯೋಗವೇ ಕಂಪನಿಯ ಮಾತು ಕೇಳತೊಡಗಿದ್ದರಿಂದ ಅದು ಹೆಸರಿಗಷ್ಟೇ ಉಳಿಯಿತು. ಹಂಟಿಂಗ್‌ಟನ್ 1900ರಲ್ಲಿ ತೀರಿಕೊಂಡ ಮೇಲೆ ಕಂಪನಿ ಇ. ಎಚ್. ಹ್ಯಾರಿಮನ್ ಕೈಗೆ ಹೋಯಿತು. ಅದರ ರಾಜಕೀಯ ವ್ಯವಹಾರವನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತು ನೋಡಿಕೊಳ್ಳುತ್ತಿದ್ದವನು ಮುಖ್ಯ ವಕೀಲ ವಿಲಿಯಂ ಹೆರಿನ್. ಪ್ರತಿ ಕೌಂಟಿಯಲ್ಲೂ ಕಂಪನಿಗೆ ಬೇಕಾದವರು ಇದ್ದರು. ಶಾಸಕರಿಗೆ, ಪತ್ರಕರ್ತರಿಗೆ, ನ್ಯಾಯಾಧೀಶರಿಗೆ ಉಚಿತ ರೈಲು ಪಾಸು ಸಿಗುತ್ತಿತ್ತು.

ಹೆರಿನ್ ಮತಗಟ್ಟೆಯ ಮೇಲೆ ಕಣ್ಣಿಡಬೇಕಾಗಿರಲಿಲ್ಲ. ಅಭ್ಯರ್ಥಿಗಳನ್ನು ಆರಿಸುತ್ತಿದ್ದದ್ದು ಪಕ್ಷದ ಸಮಾವೇಶ. ಅಲ್ಲಿಗೆ ಬರುವ ಕೆಲವು ನೂರು ಪ್ರತಿನಿಧಿಗಳನ್ನು ಒಲಿಸಿಕೊಂಡರೆ ಕೆಲಸ ಮುಗಿಯಿತು. ಎರಡೂ ಪಕ್ಷಗಳ ಪಟ್ಟಿಯಲ್ಲಿ ತನ್ನವರೇ ಇದ್ದ ಮೇಲೆ ಜನ ಯಾರಿಗೆ ಮತ ಹಾಕಿದರೂ ಕಂಪನಿಗೆ ನಷ್ಟವಿರಲಿಲ್ಲ.

1906ರಲ್ಲಿ ಸಾಂತಾ ಕ್ರೂಸ್‌ನಲ್ಲಿ ನಡೆದ ರಿಪಬ್ಲಿಕನ್ ಸಮಾವೇಶ ಈ ಪದ್ಧತಿಯನ್ನು ಎಲ್ಲರ ಕಣ್ಣಿಗೆ ಕಾಣಿಸಿತು. ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಹಿನ್ನೆಲೆಯಲ್ಲಿ ನಿಂತು ಆಳುತ್ತಿದ್ದ ವಕೀಲ ಏಬ್ ರೂಫ್ ತನ್ನ ಪ್ರತಿನಿಧಿಗಳನ್ನೆಲ್ಲ ಕಂಪನಿಗೆ ಒಪ್ಪಿಗೆಯಾದ ಜೇಮ್ಸ್ ಜಿಲೆಟ್‌ನ ಕಡೆಗೆ ತಿರುಗಿಸಿದ. ಆ ರಾತ್ರಿಯ ಔತಣದಲ್ಲಿ ತೆಗೆದ ಒಂದು ಛಾಯಾಚಿತ್ರ ಉಳಿದಿದೆ: ಪಕ್ಷದ ಧುರೀಣರ ನಡುವೆ ರೂಫ್ ಕೂತಿದ್ದಾನೆ, ಅವನ ಹಿಂದೆ ನಿಂತ ಜಿಲೆಟ್ ಅವನ ಹೆಗಲ ಮೇಲೆ ಕೈ ಇಟ್ಟಿದ್ದಾನೆ. ಪತ್ರಿಕೆಗಳು ಇದನ್ನು ಕ್ಯಾಲಿಫೋರ್ನಿಯದ ನಾಚಿಕೆಗೇಡು ಎಂದು ಕರೆದು ಮತ್ತೆ ಮತ್ತೆ ಅಚ್ಚು ಹಾಕಿದವು. ಅಷ್ಟಾದರೂ ಜಿಲೆಟ್ ಆ ವರ್ಷ ಸುಮಾರು 8 ಸಾವಿರ ಮತಗಳ ಅಂತರದಿಂದ ಗೆದ್ದ. ಆಗ ಸೋತವನೂ ಇದೇ ಥಿಯೊಡೋರ್ ಬೆಲ್.

ಲಿಂಕನ್–ರೂಸ್ವೆಲ್ಟ್ ಲೀಗ್

1907ರ ಶಾಸನಸಭೆ ಅಧಿವೇಶನವನ್ನು ವರದಿ ಮಾಡಲು ರಾಜಧಾನಿ ಸ್ಯಾಕ್ರಮೆಂಟೊಗೆ ಬಂದಿದ್ದ ಇಬ್ಬರು ಪತ್ರಕರ್ತರು, ಫ್ರೆಸ್ನೊ ನಗರದ ಚೆಸ್ಟರ್ ರೊವೆಲ್ ಮತ್ತು ಲಾಸ್ ಏಂಜಲಿಸ್‌ನ ಎಡ್ವರ್ಡ್ ಡಿಕ್ಸನ್, ಅಕ್ಕಪಕ್ಕದ ಮೇಜುಗಳಲ್ಲಿ ಕೂತು ಕಂಪನಿಯ ದರ್ಬಾರನ್ನು ಕಣ್ಣಾರೆ ಕಂಡರು. ರಿಪಬ್ಲಿಕನ್ ಪಕ್ಷದ ಒಳಗಿದ್ದುಕೊಂಡೇ ಅದನ್ನು ಬಿಡಿಸಿಕೊಳ್ಳಬೇಕೆಂದು ಅವರು ಸಮಾನಮನಸ್ಕರನ್ನು ಕೂಡಿಸಿ ಅದೇ ವರ್ಷ ಲಿಂಕನ್–ರೂಸ್ವೆಲ್ಟ್ ಲೀಗ್ ಕಟ್ಟಿದರು. ವಕೀಲರು, ಸಂಪಾದಕರು, ವೈದ್ಯರು, ಸಣ್ಣ ಉದ್ಯಮಿಗಳು ಇದರ ಬೆನ್ನೆಲುಬು. ಕೂಲಿಕಾರರಿಗೆ ಇಲ್ಲಿ ಅಂಥ ಜಾಗವಿರಲಿಲ್ಲ. ಸಮಾವೇಶದ ಪದ್ಧತಿಯನ್ನು ಕಿತ್ತುಹಾಕಿ ಅಭ್ಯರ್ಥಿಯನ್ನು ಪಕ್ಷದ ಮತದಾರರೇ ಆರಿಸುವಂತೆ ಮಾಡುವುದು ಲೀಗ್‌ನ ಮೊದಲ ಬೇಡಿಕೆಯಾಯಿತು. ರೋಗದ ಬುಡ ಎಲ್ಲಿದೆ ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. 1909ರಲ್ಲಿ ಶಾಸನಸಭೆ ನೇರ ಪ್ರಾಥಮಿಕ ಚುನಾವಣೆಯ ಕಾಯ್ದೆಯನ್ನು ಅಂಗೀಕರಿಸಿತು.

ಅಭ್ಯರ್ಥಿಯನ್ನು ಹುಡುಕುವುದು ಇದಕ್ಕಿಂತ ಕಷ್ಟವಾಯಿತು. ರೂಫ್ ಮೊದಲಾದವರ ಮೇಲೆ ನಡೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ಲಂಚ ಪ್ರಕರಣಗಳ ಸರ್ಕಾರಿ ವಕೀಲ ಫ್ರಾನ್ಸಿಸ್ ಹೀನಿಯ ಹೆಸರು ರಾಜ್ಯದಲ್ಲೆಲ್ಲ ಪ್ರಸಿದ್ಧವಾಗಿತ್ತು. 1908ರ ನವೆಂಬರ್ 13ರಂದು ತುಂಬಿದ ನ್ಯಾಯಾಲಯದಲ್ಲೇ ಒಬ್ಬ ಹೀನಿಯ ತಲೆಗೆ ಗುಂಡು ಹಾರಿಸಿದ. ಹೀನಿ ಬದುಕಿ ಉಳಿದ, ಆದರೆ ವಿಚಾರಣೆ ಮುಂದುವರಿಸುವ ಸ್ಥಿತಿಯಲ್ಲಿರಲಿಲ್ಲ. ಆಗ ರೂಫ್ ವಿರುದ್ಧದ ಮೊಕದ್ದಮೆಯನ್ನು ಕೈಗೆತ್ತಿಕೊಂಡು ಡಿಸೆಂಬರ್‌ನಲ್ಲಿ ಶಿಕ್ಷೆ ಆಗುವಂತೆ ವಾದಿಸಿದವರಲ್ಲಿ ಜಾನ್ಸನ್ ಪ್ರಮುಖ. ರೂಫ್‌ಗೆ 14 ವರ್ಷ ಸೆರೆವಾಸವಾಯಿತು. ಜಾನ್ಸನ್‌ನ ಹೆಸರು ಮನೆಮನೆಗೂ ತಲುಪಿತು.

ಜಾನ್ಸನ್ 1866ರಲ್ಲಿ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದವನು. ತಂದೆ ಗ್ರೋವ್ ಜಾನ್ಸನ್ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯಲ್ಲಿ ಸದರ್ನ್ ಪೆಸಿಫಿಕ್ ಪರವಾಗಿ ಬಹಿರಂಗವಾಗಿ ವಾದಿಸಿದ ರಾಜಕಾರಣಿ. ವಕೀಲಿ ಕಲಿತು ತಂದೆಯ ಜೊತೆಗೇ ಕೆಲಸ ಆರಂಭಿಸಿದ ಮಗ ಊರಿನ ರಾಜಕೀಯದ ವಿಚಾರದಲ್ಲಿ ತಂದೆಯನ್ನು ಎದುರು ಹಾಕಿಕೊಂಡು, ಮುಂದೆ ಸ್ಯಾನ್ ಫ್ರಾನ್ಸಿಸ್ಕೊಗೆ ನೆಲೆ ಬದಲಿಸಿದ. ಗವರ್ನರ್ ಹುದ್ದೆಗೆ ನಿಲ್ಲಲು ಅವನಿಗೆ ಮನಸ್ಸಿರಲಿಲ್ಲ. ಲೀಗ್‌ನವರು ಬಹಳ ಒತ್ತಾಯಿಸಿದ ಮೇಲೆ 1910ರ ಆರಂಭದಲ್ಲಿ ಒಪ್ಪಿಕೊಂಡ. ರಾಜ್ಯವನ್ನು ಕೈಗೊಂಬೆ ಮಾಡಿಕೊಂಡಿದ್ದ ಕಂಪನಿಯನ್ನು ಸ್ವಂತ ಮನೆಯಲ್ಲೇ ಹತ್ತಿರದಿಂದ ಕಂಡವನು ಅದರ ಎದುರು ನಿಂತಿದ್ದರಿಂದಲೇ ಅವನ ಮಾತಿಗೆ ಅಷ್ಟು ಕಾವು ಬಂತು ಎನ್ನಬೇಕು.

ಕಾರಿನ ಪ್ರಚಾರ

ರೈಲ್ವೆಯ ವಿರುದ್ಧ ಹೊರಟವನು ರೈಲು ಹತ್ತುವುದಿಲ್ಲ ಎಂದು ಜಾನ್ಸನ್ ತೀರ್ಮಾನಿಸಿದ. ಕೆಂಪು ಬಣ್ಣದ ಲೋಕೋಮೊಬೈಲ್ ಕಾರಿನಲ್ಲಿ ರಾಜ್ಯವನ್ನು ಸುತ್ತತೊಡಗಿದ. ಕ್ಯಾಲಿಫೋರ್ನಿಯದ ಉದ್ದ ಸಾವಿರ ಕಿಲೊಮೀಟರಿಗೂ ಹೆಚ್ಚು. ಊರಿಂದ ಊರಿಗೆ ಇದ್ದದ್ದು ಬಹುಪಾಲು ಮಣ್ಣಿನ ಗಾಡಿದಾರಿ. ಬೇಸಿಗೆಯಲ್ಲಿ ಮೊಣಕಾಲುದ್ದ ದೂಳು. ಕಾರು ಒಂದು ಊರಿಗೆ ಬಂತೆಂದರೆ ಹಸುವಿನ ಕೊರಳಿಗೆ ಕಟ್ಟುವ ಗಂಟೆಯನ್ನು ಬಾರಿಸುತ್ತಿದ್ದರು. ಸದ್ದು ಕೇಳಿ ಜನ ಬೀದಿಗೆ ಬರುತ್ತಿದ್ದರು. ಜಾನ್ಸನ್ ಕಾರಿನಲ್ಲೇ ನಿಂತು ಮಾತಾಡುತ್ತಿದ್ದ. ರೈಲು ನಿಲ್ಲದ, ಯಾವ ಗವರ್ನರ್ ಅಭ್ಯರ್ಥಿಯ ಮುಖವನ್ನೂ ಕಾಣದ ಹಳ್ಳಿಗಳಿಗೂ ಆ ಕಾರು ಹೋಯಿತು.

ಅವನ ಭಾಷಣದಲ್ಲಿ ಇದ್ದದ್ದು ಒಂದೇ ವಿಷಯ: ಸದರ್ನ್ ಪೆಸಿಫಿಕ್ ಕಂಪನಿಯನ್ನು ರಾಜಕೀಯದಿಂದ ಒದ್ದು ಹೊರಹಾಕುವುದು. ತೆರಿಗೆ, ಶಾಲೆ, ನೀರಾವರಿ ಯಾವುದನ್ನೂ ಅವನು ಅಷ್ಟಾಗಿ ಎತ್ತಲಿಲ್ಲ. ಇದನ್ನು ಕೊರತೆ ಎಂದವರಿದ್ದಾರೆ. ಆದರೆ ಒಂದೇ ಮಾತನ್ನು ತಿಂಗಳುಗಟ್ಟಲೆ ಊರೂರಲ್ಲಿ ಹೇಳಿದ್ದೇ ಅವನ ಬಲವಾಯಿತು. ಸಣ್ಣ ಗಾತ್ರದ, ಗಟ್ಟಿ ದನಿಯ ಈ ವಕೀಲ ಎದುರಾಳಿಯನ್ನು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಮಾತಾಡುತ್ತಿದ್ದ. ಲಾಸ್ ಏಂಜಲಿಸ್‌ನ ಸಭೆಯೊಂದರಲ್ಲಿ ‘ಲಾಸ್ ಏಂಜಲಿಸ್ ಟೈಮ್ಸ್’ ಒಡೆಯ ಹ್ಯಾರಿಸನ್ ಗ್ರೇ ಓಟಿಸ್‌ನನ್ನು ಅವನು ಬೈದ ಬೈಗುಳ ಅಮೆರಿಕದ ಚುನಾವಣಾ ಭಾಷಣಗಳ ಚರಿತ್ರೆಯಲ್ಲಿ ಇಂದಿಗೂ ಉದಾಹರಣೆಯಾಗಿ ಬರುತ್ತದೆ.

ಆಗಸ್ಟ್ 16ರ ಪ್ರಾಥಮಿಕ ಚುನಾವಣೆಯಲ್ಲಿ ರಿಪಬ್ಲಿಕನ್ ಕಣದಲ್ಲಿ ಐವರಿದ್ದರು. ಜಾನ್ಸನ್‌ಗೆ 1 ಲಕ್ಷಕ್ಕೂ ಹೆಚ್ಚು ಮತ ಬಂತು. ಎರಡನೆಯವನಾದ ಚಾರ್ಲ್ಸ್ ಕರಿಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಗುಂಪಿನ ಮತಗಳು ಉಳಿದವರ ನಡುವೆ ಹಂಚಿಹೋಗಿದ್ದವು. ಹಳೆಯ ಪದ್ಧತಿಯಂತೆ ಸಮಾವೇಶ ಸೇರಿದ್ದರೆ ಆ ಗುಂಪುಗಳು ಒಂದು ಕೋಣೆಯಲ್ಲಿ ಕೂತು ಒಬ್ಬನ ಹೆಸರಿಗೆ ಬರುತ್ತಿದ್ದವು, ಜಾನ್ಸನ್ ಉಳಿಯುತ್ತಿರಲಿಲ್ಲ. ಕಾಯ್ದೆ ಆ ಕೋಣೆಯನ್ನೇ ಇಲ್ಲವಾಗಿಸಿತ್ತು.

ನವೆಂಬರ್ ಹೋರಾಟ ಇದಕ್ಕಿಂತ ವಿಚಿತ್ರವಾಗಿತ್ತು. ಬೆಲ್ ಕೂಡ ರೈಲ್ವೆಯ ಹಳೆಯ ವಿರೋಧಿ, 1906ರಲ್ಲೇ ಅದೇ ಮಾತನ್ನು ಹೇಳಿ ಸೋತವನು. ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಕಂಪನಿಯನ್ನು ಬೈಯುವವರೇ ಆದ್ದರಿಂದ ಯಾರು ಗೆದ್ದರೂ ಹೆರಿನ್‌ಗೆ ಸೋಲು ಖಚಿತವಿತ್ತು. ಮೂರನೆಯವನಾಗಿ ಸಮಾಜವಾದಿ ಪಕ್ಷದಿಂದ ಜೆ. ಸ್ಟಿಟ್ ವಿಲ್ಸನ್ ನಿಂತಿದ್ದ. ಮೆಥಡಿಸ್ಟ್ ಪಾದ್ರಿಯಾಗಿದ್ದು ರಾಜಕೀಯಕ್ಕೆ ಬಂದ ಈತ ಮರುವರ್ಷ ಬರ್ಕ್ಲಿ ನಗರದ ಮೇಯರ್ ಆದ. 1910ರ ಅಕ್ಟೋಬರ್ 1ರ ನಸುಕಿನಲ್ಲಿ ಓಟಿಸ್‌ನ ಪತ್ರಿಕಾ ಕಟ್ಟಡ ಸ್ಫೋಟಗೊಂಡು 21 ಮಂದಿ ಕೆಲಸಗಾರರು ಸತ್ತರು. ಕಾರ್ಮಿಕ ಸಂಘಗಳಿಗೂ ಮಾಲೀಕರಿಗೂ ನಡೆಯುತ್ತಿದ್ದ ಜಗಳ ಈ ದುರಂತದಿಂದ ಇನ್ನಷ್ಟು ಬಿಗಡಾಯಿಸಿತು.

ಫಲಿತಾಂಶದಲ್ಲಿ ಜಾನ್ಸನ್‌ಗೆ ಸುಮಾರು 1.77 ಲಕ್ಷ, ಬೆಲ್‌ಗೆ 1.55 ಲಕ್ಷ, ವಿಲ್ಸನ್‌ಗೆ 48 ಸಾವಿರದಷ್ಟು ಮತಗಳು ಬಂದವು. ಶೇಕಡಾವಾರು ಜಾನ್ಸನ್‌ನ ಪಾಲು 46ರ ಆಸುಪಾಸು, ಅಂದರೆ ಅರ್ಧಕ್ಕಿಂತ ಕಡಿಮೆ. ಸಮಾಜವಾದಿಗಳಿಗೆ ಬಿದ್ದ ಶೇ. 12ರಷ್ಟು ಮತವನ್ನು ಹಗುರವಾಗಿ ಕಾಣುವಂತಿಲ್ಲ. ದುಡಿಯುವ ಜನರ ಒಂದು ಭಾಗಕ್ಕೆ ವಕೀಲರು, ಸಂಪಾದಕರ ಈ ಸುಧಾರಣೆ ಸಾಲದೆನಿಸಿತ್ತು. ಹೆಂಗಸರಿಗೆ ಆಗಿನ್ನೂ ಮತದ ಹಕ್ಕು ಇರಲಿಲ್ಲ. ಅದೇ ದಿನ ಮತದಾರರು ರಾಜ್ಯದ ಹೆದ್ದಾರಿಗಳಿಗಾಗಿ 1.8 ಕೋಟಿ ಡಾಲರ್ ಸಾಲ ಎತ್ತುವ ಪ್ರಸ್ತಾವವನ್ನೂ ಒಪ್ಪಿದರು. ರೈಲಿಗೆ ಪ್ರತಿಯಾಗಿ ಮೋಟಾರು ರಸ್ತೆ ಎದ್ದುನಿಂತದ್ದು ಅದರ ನಂತರ.

ಆಮೇಲಿನದು

ಜಾನ್ಸನ್ 1911ರ ಜನವರಿ 3ರಂದು ಅಧಿಕಾರ ವಹಿಸಿಕೊಂಡ. ಒಬ್ಬ ಒಳ್ಳೆಯ ಗವರ್ನರ್ ಬಂದರೆ ಸಾಲದು, ಮುಂದೆ ಕೆಟ್ಟವನು ಬಂದರೂ ಜನರ ಕೈಯಲ್ಲಿ ಆಯುಧವಿರಬೇಕು ಎಂಬುದು ಅವನ ನಿಲುವು. 1911ರ ಅಕ್ಟೋಬರ್ 10ರ ವಿಶೇಷ ಮತದಾನದಲ್ಲಿ ಸಂವಿಧಾನಕ್ಕೆ 23 ತಿದ್ದುಪಡಿಗಳು ಜನರ ಮುಂದೆ ಬಂದವು. ಸಹಿ ಸಂಗ್ರಹಿಸಿ ಜನರೇ ಕಾನೂನು ಪ್ರಸ್ತಾಪಿಸುವ ಹಕ್ಕು, ಶಾಸನಸಭೆಯ ಕಾನೂನನ್ನು ಜನಮತಗಣನೆಯಿಂದ ತಡೆಯುವ ಹಕ್ಕು, ಗವರ್ನರನಿಂದ ನ್ಯಾಯಾಧೀಶನವರೆಗೆ ಯಾರನ್ನಾದರೂ ಅವಧಿಯ ನಡುವೆ ವಾಪಸ್ ಕರೆಸಿಕೊಳ್ಳುವ ಹಕ್ಕು ಅಂಗೀಕಾರವಾದವು. ಹೆಂಗಸರ ಮತದ ಹಕ್ಕು ಗೆದ್ದದ್ದು ಕೇವಲ 3,587 ಮತಗಳಿಂದ. ಅದರ ಬಗ್ಗೆ ಜಾನ್ಸನ್ ತಾನಾಗಿ ಉತ್ಸಾಹ ತೋರಲಿಲ್ಲ, ಗೆಲುವು ಹೆಂಗಸರ ಸಂಘಗಳ ದುಡಿಮೆಯದು. ರೈಲ್ವೆ ಆಯೋಗಕ್ಕೆ ದರ ನಿಗದಿ ಮಾಡುವ ನಿಜವಾದ ಅಧಿಕಾರ ಬಂತು. ವಾಪಸ್ ಕರೆಸುವ ಹಕ್ಕಿನಿಂದಲೇ 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಹುದ್ದೆ ಕಳೆದುಕೊಂಡು ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಆ ಜಾಗಕ್ಕೆ ಬಂದ.

1912ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಕಟ್ಟಿದ ಪ್ರೋಗ್ರೆಸಿವ್ ಪಕ್ಷದಿಂದ ಜಾನ್ಸನ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತ. 1914ರಲ್ಲಿ ಮತ್ತೆ ಗವರ್ನರ್ ಆದ. 1917ರಿಂದ 1945ರಲ್ಲಿ ಸಾಯುವ ತನಕ ಸೆನೆಟ್ ಸದಸ್ಯನಾಗಿದ್ದ.

ಈ ಚರಿತ್ರೆಯನ್ನು ಬರೆಯುವವರು ಇನ್ನೊಂದು ಕಾಯ್ದೆಯನ್ನು ಬದಿಗಿಡುವಂತಿಲ್ಲ. ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ವಲಸೆಗಾರರು ಕೃಷಿಭೂಮಿ ಕೊಳ್ಳುವುದನ್ನು ತಡೆಯುವ ಕಾನೂನಿಗೆ 1913ರಲ್ಲಿ ಸಹಿ ಹಾಕಿದವನು ಜಾನ್ಸನ್. ಅದರ ಗುರಿ ಜಪಾನಿ ರೈತರು. ಅಧ್ಯಕ್ಷ ವುಡ್ರೊ ವಿಲ್ಸನ್ ತನ್ನ ವಿದೇಶಾಂಗ ಸಚಿವನನ್ನೇ ಸ್ಯಾಕ್ರಮೆಂಟೊಗೆ ಕಳಿಸಿ ಬೇಡವೆಂದು ಕೇಳಿಕೊಂಡರೂ ಅವನು ಒಪ್ಪಲಿಲ್ಲ. ಕಾನೂನಿನ ಸಂದುಗಳನ್ನು ಮುಚ್ಚಲು 1920ರಲ್ಲಿ ಬಂದ ಇನ್ನೂ ಬಿಗಿಯಾದ ಪ್ರಸ್ತಾವವನ್ನು ಮತದಾರರೇ ಭಾರಿ ಬಹುಮತದಿಂದ ಗೆಲ್ಲಿಸಿದರು, ಅದೂ 1911ರಲ್ಲಿ ಪಡೆದ ಹಕ್ಕನ್ನೇ ಬಳಸಿ. ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರಿಗೆ ಪೌರತ್ವದ ಅರ್ಹತೆ ಇಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟ ಮೇಲೆ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿ ರೈತರೂ ಈ ಕಾನೂನಿನ ಹಿಡಿತಕ್ಕೆ ಸಿಕ್ಕಿದರು. ರಾಜ್ಯದ ಸುಪ್ರೀಂ ಕೋರ್ಟ್ 1952ರಲ್ಲಿ ಈ ಕಾನೂನನ್ನು ಅಸಿಂಧುಗೊಳಿಸಿತು. 1956ರಲ್ಲಿ ಮತದಾರರು ಅದನ್ನು ಶಾಸನಗಳ ಪುಸ್ತಕದಿಂದಲೇ ತೆಗೆದುಹಾಕಿದರು.