ಹುಬ್ಬಳ್ಳಿ–ಶಿವಮೊಗ್ಗ ವಿಮಾನ ನಿಲ್ದಾಣಗಳ ನಡುವಿನ ಅಂತರ ಹಾಗೂ ಪ್ರಯಾಣದ ಅವಧಿ: ಯಲವಿಗಿ ಮತ್ತು ಸುತ್ತಲಿನ ಸಾರ್ವಜನಿಕರ ಮಾಹಿತಿಗಾಗಿ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಯಲವಿಗಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರು ವಿಮಾನದ ಟಿಕೆಟ್ ಕಾಯ್ದಿರಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಸಮೀಪದ ನಿಲ್ದಾಣ
ಜಿಲ್ಲೆಯ ಉತ್ತರಕ್ಕೆ ಹುಬ್ಬಳ್ಳಿ ವಿಮಾನ ನಿಲ್ದಾಣವೂ, ದಕ್ಷಿಣಕ್ಕೆ ದಿನಾಂಕ 27-02-2023ರಂದು ಉದ್ಘಾಟನೆಗೊಂಡ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವೂ ಇರುತ್ತವೆ. ಯಲವಿಗಿ, ಸವಣೂರು, ಶಿಗ್ಗಾಂವಿ ಮತ್ತು ಹಾನಗಲ್ಲಿನವರಿಗೆ ಹುಬ್ಬಳ್ಳಿಯೂ, ಹಿರೇಕೆರೂರಿನವರಿಗೆ ಶಿವಮೊಗ್ಗವೂ ಹತ್ತಿರವಾಗುತ್ತದೆ. ಯಲವಿಗಿ ರೈಲು ನಿಲ್ದಾಣವು ಹುಬ್ಬಳ್ಳಿ–ಹಾವೇರಿ ಮಾರ್ಗದಲ್ಲಿದ್ದು, ಹುಬ್ಬಳ್ಳಿಯವರೆಗೆ ರೈಲಿನಲ್ಲಿಯೂ ತಲುಪಬಹುದಾಗಿದೆ.

2. ಅಂತರ
ಎರಡೂ ನಿಲ್ದಾಣಗಳ ಅಕ್ಷಾಂಶ–ರೇಖಾಂಶಗಳ ಆಧಾರದ ಮೇಲೆ ಲೆಕ್ಕ ಹಾಕಿದಲ್ಲಿ ನೇರ ಅಂತರವು ಸುಮಾರು 176 ಕಿ.ಮೀ. ಆಗಿರುತ್ತದೆ. ಆದರೆ ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹೋಗುವುದಾದಲ್ಲಿ ಹುಬ್ಬಳ್ಳಿ–ಬೆಂಗಳೂರು ಸುಮಾರು 370 ಕಿ.ಮೀ. ಹಾಗೂ ಬೆಂಗಳೂರು–ಶಿವಮೊಗ್ಗ ಸುಮಾರು 238 ಕಿ.ಮೀ., ಒಟ್ಟು 608 ಕಿ.ಮೀ. ಆಗುವುದು. ಇದು ನೇರ ಅಂತರದ ಮೂರೂವರೆ ಪಟ್ಟಿನಷ್ಟಿದ್ದು, ಬದಲಾವಣೆಗೆ ಕಾಯುವ ವೇಳೆಯೂ ಸೇರುವುದರಿಂದ ರಸ್ತೆ ಅಥವಾ ಬೀರೂರು ಜಂಕ್ಷನ್ ಮೂಲಕ ರೈಲಿನ ಪ್ರಯಾಣವೇ ಸೂಕ್ತ.

3. ಅವಧಿ
ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ ಮಾದರಿಯ ವಿಮಾನಕ್ಕೆ 176 ಕಿ.ಮೀ. ಕ್ರಮಿಸಲು ಲೆಕ್ಕದಲ್ಲಿ 21 ನಿಮಿಷ ಸಾಕು. ವಾಸ್ತವದಲ್ಲಿ ಏರುವಾಗ ಹಾಗೂ ಇಳಿಯುವಾಗ ವೇಗ ಕಡಿಮೆ ಇರುವುದಲ್ಲದೆ ನೆಲದ ಮೇಲಿನ ಓಡಾಟವೂ ಸೇರುವುದರಿಂದ ಮುಕ್ಕಾಲು ಗಂಟೆಯ ಆಸುಪಾಸು ಹಿಡಿಯತಕ್ಕದ್ದು. ವಿಮಾನವು ನಿಂತಲ್ಲಿಂದ ಹೊರಟು, ಇಳಿದ ನಿಲ್ದಾಣದಲ್ಲಿ ನಿಲ್ಲುವವರೆಗಿನ ಈ ಪೂರ್ಣ ವೇಳೆಗೆ ‘ಬ್ಲಾಕ್ ಟೈಮ್’ ಎನ್ನಲಾಗುತ್ತದೆ. ಚೆಕ್-ಇನ್ ಕೌಂಟರುಗಳು ಸಾಮಾನ್ಯವಾಗಿ ಹೊರಡುವ ವೇಳೆಗೆ ಒಂದು ಗಂಟೆ ಮುಂಚಿತವಾಗಿ ಮುಚ್ಚುವುದರಿಂದ, ಕಡಿಮೆ ದೂರದ ಹಾರಾಟದಲ್ಲಿ ಕಾಯುವ ವೇಳೆಯೇ ಹಾರುವ ವೇಳೆಗಿಂತ ಹೆಚ್ಚಾಗುತ್ತದೆ.

4. ಪ್ರಯಾಣಿಕರ ಹಕ್ಕು
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಲ್ಲಿ ಪರಿಹಾರವು ಬ್ಲಾಕ್ ಟೈಮನ್ನು ಅವಲಂಬಿಸಿರುತ್ತದೆ. ನಿಯಮಾನುಸಾರ ಮುಂಚಿತವಾಗಿ ತಿಳಿಸದೆ ವಿಮಾನ ರದ್ದುಪಡಿಸಿದಲ್ಲಿ, ಟಿಕೆಟ್ ಹಣದ ಮರುಪಾವತಿಯ ಜೊತೆಗೆ:
(ಅ) 1 ಗಂಟೆಯವರೆಗಿನ ಹಾರಾಟಕ್ಕೆ ರೂ. 5,000
(ಆ) 1 ಗಂಟೆ ಮೀರಿ 2 ಗಂಟೆಯವರೆಗೆ ರೂ. 7,500
(ಇ) 2 ಗಂಟೆ ಮೀರಿದಲ್ಲಿ ರೂ. 10,000
ಅಥವಾ ಒಂದು ಕಡೆಯ ಮೂಲ ದರ ಹಾಗೂ ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ದೊರೆಯುತ್ತದೆ. ಹವಾಮಾನ ವೈಪರೀತ್ಯ ಮುಂತಾದ ಅಸಾಧಾರಣ ಕಾರಣಗಳಿಗೆ ಪರಿಹಾರ ಅನ್ವಯಿಸುವುದಿಲ್ಲ. ಎರಡೂವರೆ ಗಂಟೆಯವರೆಗಿನ ಹಾರಾಟವು 2 ಗಂಟೆ ಅಥವಾ ಹೆಚ್ಚು ತಡವಾಗುವ ನಿರೀಕ್ಷೆಯಿದ್ದಲ್ಲಿ, ಸಕಾಲದಲ್ಲಿ ಚೆಕ್-ಇನ್ ಮಾಡಿದವರಿಗೆ ಉಪಾಹಾರ ಒದಗಿಸತಕ್ಕದ್ದು.

5. ವಿಶೇಷ ಸೂಚನೆ
ಏಜೆಂಟರ ಮೂಲಕ ಟಿಕೆಟ್ ಪಡೆಯುವವರು ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೇ ನಮೂದಿಸತಕ್ಕದ್ದು. ಸಂಪರ್ಕದ ಸಮರ್ಪಕ ವಿವರ ನೀಡದವರಿಗೆ ರದ್ದತಿಯ ಪರಿಹಾರ ದೊರೆಯುವುದಿಲ್ಲ. ಆಸ್ಪತ್ರೆ, ಪರೀಕ್ಷೆ ಅಥವಾ ಸಂದರ್ಶನಕ್ಕೆ ತೆರಳುವವರು ಮನೆಯಿಂದ ತಲುಪುವ ಸ್ಥಳದವರೆಗಿನ ಪೂರ್ಣ ವೇಳೆಯನ್ನು ಲೆಕ್ಕ ಹಾಕಿಕೊಳ್ಳುವುದು. ಮೂಲ ಭಾವಚಿತ್ರ ಗುರುತಿನ ಚೀಟಿ ಕಡ್ಡಾಯ. ವೇಳಾಪಟ್ಟಿಯು ಋತುಮಾನಕ್ಕನುಗುಣವಾಗಿ ಬದಲಾಗುವುದರಿಂದ ವಿಮಾನಯಾನ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಸಂಸ್ಥೆಯಿಂದ ಪರಿಹಾರ ದೊರೆಯದಿದ್ದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್ ಸೇವಾ’ ಜಾಲತಾಣದಲ್ಲಿ ದೂರು ದಾಖಲಿಸಬಹುದಾಗಿದೆ.