ವಿಹಾರನೌಕೆಯ ಬಚ್ಚಲು ನೀರು

ಫರೀದಾಬಾದಿನ ಬಡಖಲ್ ಸರೋವರವು ಬತ್ತುವ ಮುನ್ನ ಅಲ್ಲಿ ವಿಹರಿಸುತ್ತಿದ್ದ ಸಣ್ಣ ದೋಣಿಗಳಿಗೆ ಬಚ್ಚಲಿನ ಚಿಂತೆಯಿರಲಿಲ್ಲ. ಕಾಸರಗೋಡಿನ ವಲಿಯಪರಂಬ ಹಿನ್ನೀರಿನ ದೋಣಿಮನೆಗಳಂತೆ ಅಡುಗೆಮನೆ, ಸ್ನಾನಗೃಹಗಳುಳ್ಳ ನೌಕೆಗಳ ವಿಚಾರ ಬೇರೆ. ಸಿಂಕು ಹೊರಗಿನ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದರೆ ಅದರ ನೀರು ತಾನಾಗಿಯೇ ಇಳಿದುಹೋಗುತ್ತದೆ. ಸ್ನಾನದ ನೆಲವು ಆ ಮಟ್ಟಕ್ಕಿಂತ ಕೆಳಗಿದ್ದರೆ ನೀರು ಮೊದಲು ಸಣ್ಣ ಪೆಟ್ಟಿಗೆಯೊಂದರಲ್ಲಿ ಸಂಗ್ರಹವಾಗಬೇಕು. ಅದು ತುಂಬಿ ತೇಲುವ ಸ್ವಿಚ್ಚು ಮೇಲೆದ್ದೊಡನೆ ಪಂಪು ನೀರನ್ನು ಹೊರಹಾಕುತ್ತದೆ. ಈ ಏರ್ಪಾಡಿಗೆ ತಲೆಗೂದಲೇ ಪರಮ ವೈರಿ. ಜಾಲರಿಯನ್ನು ಆಗಾಗ ಶುಚಿಗೊಳಿಸತಕ್ಕದ್ದು. ಕೊಳವೆಯ ಹೊರಬಾಯಿ ನೀರಿನೊಳಗಿದ್ದಲ್ಲಿ, ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಬಾಗಿಸಿ, ಬಾಗಿನ ನೆತ್ತಿಯಲ್ಲಿ ಗಾಳಿ ಸೇರುವ ಕವಾಟವನ್ನು ಇರಿಸಬೇಕು. ಇಲ್ಲವಾದರೆ ಪಂಪು ನಿಂತ ಬಳಿಕ ಹೊರಗಿನ ನೀರು ಅದೇ ದಾರಿಯಲ್ಲಿ ಒಳಬಂದು ನೌಕೆಯನ್ನೇ ಮುಳುಗಿಸೀತು. ಹರಿವಿಲ್ಲದ ಸರೋವರಗಳಲ್ಲಿ ಸಾಬೂನು ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟು, ದಡದ ಚರಂಡಿ ವ್ಯವಸ್ಥೆಗೆ ಬಿಡುವುದು ಲೇಸು.