ಆರ್ಚ್‌ಬಿಷಪ್ಪರ ಬಾಣ

1621ರ ಜುಲೈ 24, ಮಂಗಳವಾರ. ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿರುವ ಬ್ರಾಮ್ಸ್‌ಹಿಲ್‌ನಲ್ಲಿ, ಲಾರ್ಡ್ ಜೂಷ್ ಎಂಬ ಶ್ರೀಮಂತನ ಬೇಟೆತೋಪಿನಲ್ಲಿ, 58 ವರ್ಷದ ಅತಿಥಿಯೊಬ್ಬರು ಗಂಡು ಜಿಂಕೆಯೊಂದಕ್ಕೆ ಗುರಿಯಿಟ್ಟು ಕ್ರಾಸ್‌ಬೋ ಹಾರಿಸಿದರು. ಜಿಂಕೆಗಳನ್ನು ಗುರಿಗೆ ಸಿಗುವಂತೆ ಅಟ್ಟಲೆಂದು ಹಿಂಡಿನ ನಡುವೆ ನುಗ್ಗಿದ್ದ ಕಾವಲುಗಾರ ಪೀಟರ್ ಹಾಕಿನ್ಸ್‌ನ ತೋಳಿಗೆ ಬಾಣ ಹೊಕ್ಕಿತು. ರಕ್ತ ನಿಲ್ಲಲಿಲ್ಲ, ಆತ ಸತ್ತ.

ಬಾಣ ಬಿಟ್ಟವರು ಜಾರ್ಜ್ ಆಬಟ್, ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ರಾಜನನ್ನು ಬಿಟ್ಟರೆ ಇಂಗ್ಲೆಂಡಿನ ಚರ್ಚಿನಲ್ಲಿ ಅವರಿಗಿಂತ ಮೇಲೆ ಯಾರೂ ಇರಲಿಲ್ಲ. ಹತ್ತು ವರ್ಷಗಳ ಹಿಂದೆ, 1611ರಲ್ಲಿ, ಅಚ್ಚಾಗಿ ಬಂದಿದ್ದ ಹೊಸ ಇಂಗ್ಲಿಷ್ ಬೈಬಲ್ಲಿನ ಅನುವಾದಕರಲ್ಲಿ ಅವರೂ ಒಬ್ಬರು.

ದೇವರ ಕೆಲಸದವರ ಕೈಗೆ ಈ ಆಯುಧ ಯಾಕೆ ಬಂತು? ಇಂಗ್ಲೆಂಡ್ ಹೆಸರಾಗಿದ್ದು ಉದ್ದಬಿಲ್ಲಿಗೆ. ಅದನ್ನು ಎಳೆಯಲು ಹುಡುಗುತನದಿಂದಲೇ ತೋಳು, ಬೆನ್ನು ಪಳಗಬೇಕು. ಎಳೆದ ಮೇಲೆ ಹೆಚ್ಚು ಹೊತ್ತು ಹಿಡಿದಿರಲೂ ಆಗದು. ಕ್ರಾಸ್‌ಬೋ ಹಾಗಲ್ಲ. ಮರದ ದಂಡಕ್ಕೆ ಅಡ್ಡಲಾಗಿ ಗಿಡ್ಡನೆಯ ಬಿಲ್ಲು, ಆ ಕಾಲಕ್ಕೆ ಸಾಮಾನ್ಯವಾಗಿ ಉಕ್ಕಿನದು. ಸನ್ನೆಕೋಲಿನಿಂದ ಹೆದೆಯನ್ನು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು, ಬಿಗಿಯನ್ನು ಯಂತ್ರವೇ ಹೊತ್ತುಕೊಂಡಿರುತ್ತದೆ. ಜಿಂಕೆ ಸರಿಯಾಗಿ ಪಕ್ಕೆ ತೋರಿಸುವವರೆಗೆ ಬೇಟೆಗಾರ ಸುಮ್ಮನೆ ಕಾಯಬಹುದು. ವಯಸ್ಸಾದವರಿಗೂ ಕಸರತ್ತು ಇಲ್ಲದವರಿಗೂ ಹೇಳಿ ಮಾಡಿಸಿದ್ದು. 1591ರ ಆಗಸ್ಟ್‌ನಲ್ಲಿ ರಾಣಿ ಎಲಿಜಬೆತ್, ತನ್ನ 57ನೇ ವಯಸ್ಸಿನಲ್ಲಿ, ಕೌಡ್ರಿಯಲ್ಲಿ ಕ್ರಾಸ್‌ಬೋ ಹಿಡಿದು ಮೂರೋ ನಾಲ್ಕೋ ಜಿಂಕೆ ಹೊಡೆದಿದ್ದಳು. ಬೇಲಿಯೊಳಗೆ ಸುಮಾರು 30 ಜಿಂಕೆ ಕೂಡಿಹಾಕಿ, ಸಂಗೀತಗಾರರನ್ನೂ ಕೂರಿಸಿದ್ದರು. ಅದನ್ನು ಬೇಟೆ ಎನ್ನುವುದು ಸ್ವಲ್ಪ ಉದಾರ ಮಾತೇ.

ಬಂದೂಕು ಆಗಲೇ ಇತ್ತು. ಆದರೆ ಉರಿಯುವ ಬತ್ತಿಯ ವಾಸನೆ, ಹೊಗೆ, ಸದ್ದು. ಒಂದು ಗುಂಡಿಗೆ ಇಡೀ ಹಿಂಡು ಚೆದುರುತ್ತಿತ್ತು. ಕ್ರಾಸ್‌ಬೋದಲ್ಲಿ ಹೆದೆಯ ಒಂದು ಟಕ್ ಅಷ್ಟೆ. ಅದರ ಮಿತಿಗಳೂ ಸಣ್ಣವಲ್ಲ. ಬಾಣ ಗಿಡ್ಡ, ದಪ್ಪ. ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ, ಆದ್ದರಿಂದ ಹತ್ತಿರಕ್ಕೆ ಹೋಗಬೇಕು, ಇಲ್ಲವೇ ಪ್ರಾಣಿಯನ್ನೇ ಹತ್ತಿರಕ್ಕೆ ಅಟ್ಟಿಸಬೇಕು. ಅಟ್ಟುವವನು ಹಾಕಿನ್ಸ್‌ನಂಥವನು. ಒಮ್ಮೆ ಗುರಿ ತಪ್ಪಿದರೆ ಮತ್ತೆ ಬಿಗಿಯುವಷ್ಟರಲ್ಲಿ ಜಿಂಕೆ ಇರುವುದಿಲ್ಲ. ಜಿಂಕೆಗೆಂದು ಆರಿಸುತ್ತಿದ್ದ ಬಾಣದ ತುದಿ ಅಗಲವಾದ ಅಲಗು. ಅದು ಹೊಡೆತದ ಆಘಾತದಿಂದ ಕೊಲ್ಲುವುದಿಲ್ಲ, ರಕ್ತನಾಳ ಕತ್ತರಿಸಿ ಕೊಲ್ಲುತ್ತದೆ. ಆ ಕಾವಲುಗಾರ ಸತ್ತದ್ದೂ ಜಿಂಕೆ ಸಾಯಬೇಕಾದ ರೀತಿಯಲ್ಲೇ.

ಇಲ್ಲೊಂದು ಮಾತಿನ ಸೋಜಿಗ. ಇಂಗ್ಲಿಷಿನ ‘ಡಿಯರ್’ ಎಂದರೆ ಹಿಂದೆ ಯಾವುದೇ ಪ್ರಾಣಿ. ಬರುಬರುತ್ತಾ ಜಿಂಕೆ ಜಾತಿಗಷ್ಟೇ ನಿಂತಿತು. ನಮ್ಮ ‘ಮೃಗ’ಕ್ಕೂ ಎರಡೂ ಅರ್ಥವಿದೆ: ಕಾಡುಮೃಗ ಎಂದಾಗ ಪ್ರಾಣಿ, ಕಸ್ತೂರಿಮೃಗ, ಮೃಗಶಿರಾ ಎಂದಾಗ ಜಿಂಕೆ. ಬೇಟೆಗೆ ‘ಮೃಗಯಾ’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಬೇಟೆ ಎಂದೊಡನೆ ಎರಡು ದೂರದ ಭಾಷೆಗಳಿಗೂ ಮೊದಲು ನೆನಪಾದದ್ದು ಈ ಬಡಪಾಯಿಯೇ ಇರಬೇಕು.

ಈ ಬಿಲ್ಲು ಎಲ್ಲರ ಕೈಗೆ ಸಿಗುವಂಥದ್ದಾಗಿರಲಿಲ್ಲ. ಎಂಟನೇ ಹೆನ್ರಿಯ 1541ರ ಕಾಯ್ದೆಯಂತೆ, ವರ್ಷಕ್ಕೆ 100 ಪೌಂಡ್ ಭೂಮಿಯ ಆದಾಯ ಇಲ್ಲದವನು ಕ್ರಾಸ್‌ಬೋ ಇಟ್ಟುಕೊಳ್ಳುವಂತಿಲ್ಲ. ಉದ್ದಬಿಲ್ಲಿನ ಅಭ್ಯಾಸ ಕೆಡಬಾರದು ಎಂಬುದು ಒಂದು ಕಾರಣ. ದೊಡ್ಡವರ ಜಿಂಕೆ ಕಳ್ಳರ ಪಾಲಾಗಬಾರದು ಎಂಬುದು ಇನ್ನೊಂದು. ಸದ್ದಿಲ್ಲದ ಆಯುಧ ಬಡವನ ಕೈಗೆ ಬಂದರೆ ಕಳ್ಳಬೇಟೆ, ಆರ್ಚ್‌ಬಿಷಪ್ಪರ ಕೈಯಲ್ಲಿದ್ದರೆ ವಿನೋದ.

ಮರಣ ವಿಚಾರಣೆಯ ಪಂಚರು ಇದು ಆಕಸ್ಮಿಕ, ತಪ್ಪು ಸತ್ತವನದೇ ಎಂದರು. ದೂರ ಇರು ಎಂದು ಅವನಿಗೆ ಮೊದಲೇ ಎಚ್ಚರಿಸಿದ್ದರಂತೆ. ಹಿಂಡನ್ನು ಅಟ್ಟುವುದೇ ಕೆಲಸವಾದವನು ಎಷ್ಟು ದೂರ ಇರಲು ಸಾಧ್ಯ? ಆ ಪ್ರಶ್ನೆಗಿಂತ ಜನರನ್ನು ಕಾಡಿದ್ದು ಬೇರೆಯದು: ನರಹತ್ಯೆಯಾದ ಕೈ ಇನ್ನು ಬಿಷಪ್ಪರಿಗೆ ದೀಕ್ಷೆ ಕೊಡಬಹುದೇ? 1215ರ ಲ್ಯಾಟರನ್ ಸಭೆ ಪಾದ್ರಿಗಳಿಗೆ ಬೇಟೆಯನ್ನೇ ನಿಷೇಧಿಸಿತ್ತು. ಆದರೆ ಎರಡೇ ವರ್ಷಕ್ಕೆ, 1217ರಲ್ಲಿ, ಇಂಗ್ಲೆಂಡಿನ ಅರಣ್ಯ ಸನ್ನದು, ರಾಜನ ಕಾಡು ಹಾದುಹೋಗುವ ಆರ್ಚ್‌ಬಿಷಪ್ ಒಂದೆರಡು ಪ್ರಾಣಿ ಹೊಡೆದುಕೊಳ್ಳಬಹುದು ಎಂದಿತ್ತು. ಅರಣ್ಯಪಾಲಕ ಹತ್ತಿರ ಇಲ್ಲದಿದ್ದರೆ ಕದ್ದಂತೆ ಕಾಣದಿರಲು ಕೊಂಬು ಊದಿಸಬೇಕು ಅಷ್ಟೆ. ಆಬಟ್ ಪರ ವಾದಿಸಿದವರು ಈ ಸನ್ನದನ್ನು ಹಿಡಿದರು, ವಿರೋಧಿಗಳು ಚರ್ಚಿನ ಕಟ್ಟಳೆಯನ್ನು.

ಬಿಷಪ್ ಹುದ್ದೆಗೆ ಆಯ್ಕೆಯಾಗಿ ದೀಕ್ಷೆಗೆ ಕಾದಿದ್ದ ಜಾನ್ ವಿಲಿಯಮ್ಸ್ ಮತ್ತು ವಿಲಿಯಂ ಲಾಡ್, ಆಬಟ್ ಕೈಯಿಂದ ಅದನ್ನು ಪಡೆಯಲು ಒಪ್ಪಲಿಲ್ಲ. ರಾಜ ಒಂದನೇ ಜೇಮ್ಸ್ ಸ್ವತಃ ಬೇಟೆಯ ಹುಚ್ಚಿನವನು. ಇಂಥದ್ದು ಯಾರಿಗೂ ಆಗಬಹುದಿತ್ತು ಎಂಬ ಧಾಟಿಯಲ್ಲಿ ಮಾತಾಡಿದ, ಕಾನೂನಿನಂತೆ ತನಗೆ ಸೇರಬಹುದಾಗಿದ್ದ ಆಬಟ್ ಆಸ್ತಿಯಲ್ಲಿ ಒಂದು ಕಾಸೂ ಬೇಡವೆಂದ. ಆದರೂ ಹತ್ತು ಜನರ ಆಯೋಗ ನೇಮಿಸಿದ. ಅದರಲ್ಲಿ ಲಾಡ್, ವಿಲಿಯಮ್ಸ್ ಇಬ್ಬರೂ ಇದ್ದರು! ಆಬಟ್ ಪರ ನಿಂತವರಲ್ಲಿ ಲ್ಯಾನ್ಸಲಾಟ್ ಆಂಡ್ರೂಸ್ ಒಬ್ಬರು. ಅದೇ ಬೈಬಲ್ಲಿನ ಇನ್ನೊಬ್ಬ ಅನುವಾದಕ. 1611ರಲ್ಲಿ ಆರ್ಚ್‌ಬಿಷಪ್ ಪೀಠ ಅವರಿಗೇ ಸಿಗುತ್ತದೆಂದು ಬಹಳ ಜನ ನಂಬಿದ್ದರು, ಸಿಕ್ಕಿದ್ದು ಆಬಟ್‌ಗೆ. ಆಯೋಗ ಸರಿಸಮವಾಗಿ ಒಡೆಯಿತು. ರಾಜ ಆಬಟ್ ಪರ ನಿಂತು, ಜೊತೆಗೆ ಕ್ಷಮಾಪತ್ರವನ್ನೂ ಕೊಟ್ಟ. ಅಷ್ಟರಲ್ಲಿ ನವೆಂಬರ್‌ನಲ್ಲೇ ವಿಲಿಯಮ್ಸ್‌ಗೂ ಲಾಡ್‌ಗೂ ಬೇರೆ ಬಿಷಪ್ಪರಿಂದ ದೀಕ್ಷೆ ಆಗಿಹೋಗಿತ್ತು.

ಹಾಕಿನ್ಸ್‌ನ ಹೆಂಡತಿಗೆ ಆಬಟ್ ವರ್ಷಕ್ಕೆ 20 ಪೌಂಡ್ ಗೊತ್ತುಮಾಡಿದರು. ಆ ಹಣದಿಂದಾಗಿ ಆಕೆಗೆ ಬೇಗನೆ ಇನ್ನೊಬ್ಬ ಗಂಡ ಸಿಕ್ಕಿದ ಎಂದು ಆ ಕಾಲದವರು ಕೊಂಕು ನುಡಿದಿದ್ದಾರೆ. ಆಬಟ್ ಮಾತ್ರ ತಿಂಗಳಿಗೊಂದು ಮಂಗಳವಾರ ಉಪವಾಸ ಹಿಡಿದರು, ಬದುಕಿರುವವರೆಗೆ. ಅವರು 1633ರ ಆಗಸ್ಟ್ 4ರಂದು ತೀರಿಕೊಂಡರು. ಎರಡು ದಿನ ಕಳೆಯುವಷ್ಟರಲ್ಲಿ ಕ್ಯಾಂಟರ್ಬರಿಯ ಪೀಠಕ್ಕೆ ಲಾಡ್ ಹೆಸರು ಗೊತ್ತಾಗಿತ್ತು.